ಅಮಾವಾಸ್ಯೆ ಕಳೆದ ಮೇಲೆ ಕೈಕೊಡುವ ಕರೆಂಟು: ನೀಲೇಶ್ವರದ ಒಂದು ಹೌಸ್‌ಬೋಟಿನ ಪ್ರಕರಣ ಅಧ್ಯಯನ

ದಡಕ್ಕೆ ಕಟ್ಟಿದ ಹೌಸ್‌ಬೋಟು. ಜೆಟ್ಟಿಯ ಪೆಟ್ಟಿಗೆಯಿಂದ ಕೇಬಲ್ ಎಳೆದು ಕರೆಂಟು ಕೊಟ್ಟಿದ್ದಾರೆ. ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ಎರಡೂ ಕೋಣೆಯ ಎಸಿ ಒಟ್ಟಿಗೆ ನಿಲ್ಲುತ್ತವೆ. ದೀಪ, ಫ್ಯಾನು, ಟಿವಿಗೆ ಏನೂ ಆಗುವುದಿಲ್ಲ, ಅವು ಇನ್ವರ್ಟರ್ ಮೇಲೆ ಇವೆ. ಹುಡುಗರು ಟಾರ್ಚ್ ಹಿಡಿದು ಬೋರ್ಡ್ ನೋಡಲು ಹೋದರೆ ಒಂದು ಎಂಸಿಬಿಯೂ (ಕರೆಂಟು ಮಿತಿ ಮೀರಿ ಹರಿದರೆ ಬೀಳುವ ಸ್ವಿಚ್) ಬಿದ್ದಿಲ್ಲ. ಜೆಟ್ಟಿಯ ಪೆಟ್ಟಿಗೆಯಲ್ಲೂ ಬಿದ್ದಿಲ್ಲ. ಇನ್ನೂ ನೋಡುತ್ತ ನಿಂತಿರುವಾಗಲೇ ಕರೆಂಟು ತಾನಾಗಿ ಬರುತ್ತದೆ, ಎಸಿ ಶುರುವಾಗುತ್ತದೆ, ಸ್ವಲ್ಪ ಹೊತ್ತು ಓಡಿ ಮತ್ತೆ ನಿಲ್ಲುತ್ತದೆ. ಮೂರ್ನಾಲ್ಕು ದಿನ ಹೀಗೆ. ಆಮೇಲೆ ಒಂದು ವಾರ, ಹತ್ತು ದಿನ ಏನೂ ಇಲ್ಲ, ಎಲ್ಲ ಸರಿಯಾಯಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಅದೇ ಕಥೆ.

ದೋಣಿ ಇರುವುದು ನೀಲೇಶ್ವರದ ಹತ್ತಿರ ಕೊಟ್ಟಪ್ಪುರಂ ಕಡೆ. ತೇಜಸ್ವಿನಿ ಹೊಳೆ ಸಮುದ್ರ ಸೇರುವ ಜಾಗ ಇಲ್ಲಿಂದ ದೂರವಿಲ್ಲ. ದಕ್ಷಿಣಕ್ಕೆ ವಲಿಯಪರಂಬದ ಹಿನ್ನೀರು. ಕಾಸರಗೋಡು ಜಿಲ್ಲೆಯ ಹೌಸ್‌ಬೋಟುಗಳು ಜಾಸ್ತಿ ಇರುವುದು ಈ ಭಾಗದಲ್ಲೇ. ಮಾಲೀಕರು ಕುಂಬಳೆ ಕಡೆಯ ಕನ್ನಡದವರು, ಕೆಲಸದ ಹುಡುಗರೆಲ್ಲ ಅಲ್ಲಿನ ಮಲಯಾಳಿಗಳು, ಕರೆಂಟಿನ ಕೆಲಸ ಮಾಡುವ ನಾನು ಮಂಜೇಶ್ವರದವನು. ಹಾಗಾಗಿ ಮಾಲೀಕರ ಜೊತೆ ಕನ್ನಡ, ಹುಡುಗರ ಜೊತೆ ಮಲಯಾಳ, ಸ್ಕ್ರೂ ಕೈಜಾರಿ ನೀರಿಗೆ ಬಿದ್ದಾಗ ತುಳು.

ನನಗೆ ಫೋನ್ ಬರುವ ಮೊದಲೇ ಸಾಕಷ್ಟು ದುಡ್ಡು ಖರ್ಚಾಗಿತ್ತು. ಒಬ್ಬರು ಬಂದು ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್) ಬದಲಿಸಿದ್ದರು. ಇನ್ನೊಬ್ಬರು ಇನ್ವರ್ಟರಿನ ಚಾರ್ಜರ್ ಹಾಳಾಗಿದೆ ಎಂದು ಹೊಸತು ಹಾಕಿಸಿದ್ದರು. ಎಸಿಯವರು ಬಂದು ಗ್ಯಾಸ್ ತುಂಬಿ ಹೋಗಿದ್ದರು, ಅದು ಯಾಕೆ ಅಂತ ಅವರಿಗೇ ಗೊತ್ತು. ಪ್ರತಿ ಸಲ ಕೆಲಸವಾದ ಮೇಲೆ ಒಂದು ವಾರ, ಹತ್ತು ದಿನ ತೊಂದರೆ ಇರುತ್ತಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ತಾನೇ ಸರಿ ಮಾಡಿದೆ ಎನ್ನುವ ನಂಬಿಕೆ. ಬಂದು ಹೋಗುವ ದೋಷದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಏನು ಬದಲಿಸಿದರೂ ಸ್ವಲ್ಪ ದಿನ ಸರಿ ಹೋದಂತೆ ಕಾಣುತ್ತದೆ, ಏನೂ ಬದಲಿಸದಿದ್ದರೂ ಹಾಗೇ ಕಾಣುತ್ತಿತ್ತು ಅನ್ನುವುದು ಯಾರ ತಲೆಗೂ ಹೋಗುವುದಿಲ್ಲ.

ಊರಿನ ಲೈನೇ ಹೋಗಿರಬಹುದು ಎನ್ನುವುದು ಮೊದಲ ಅನುಮಾನ, ಅಲ್ವಾ? ಅದನ್ನು ಬಿಡಿಸಲು ಮೀಟರ್ ಬೇಕಿಲ್ಲ. ಜೆಟ್ಟಿಯ ಪಕ್ಕದ ಚಹಾ ಅಂಗಡಿಯಲ್ಲಿ ಕೇಳಿದೆ. ಅವರ ಫ್ರಿಜ್, ಟ್ಯೂಬ್‌ಲೈಟ್ ಆ ಹೊತ್ತಿನಲ್ಲಿ ಒಮ್ಮೆಯೂ ಆರಿರಲಿಲ್ಲ. ಪಕ್ಕದ ದೋಣಿಯವರದ್ದೂ ಅದೇ ಉತ್ತರ. ಅಲ್ಲಿಗೆ ತೊಂದರೆ ಜೆಟ್ಟಿಯ ಪೆಟ್ಟಿಗೆಯಿಂದ ಈಚೆಗೆ, ಈ ಒಂದು ದೋಣಿಯಲ್ಲಿ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿತ್ತು. ಕರೆಂಟು ತಾನಾಗಿ ವಾಪಸ್ ಬರುವುದು ಹೇಗೆ? ಎಂಸಿಬಿ ಬಿದ್ದರೆ ತಾನಾಗಿ ಏಳುವುದಿಲ್ಲ. ಆರ್‌ಸಿಸಿಬಿಯೂ ಅಷ್ಟೇ, ಯಾರಾದರೂ ಕೈಯಲ್ಲಿ ಎತ್ತಬೇಕು. ತಾನಾಗಿ ಹೋಗಿ ತಾನಾಗಿ ಬರುತ್ತದೆ ಎಂದರೆ ಒಂದೋ ಎಲ್ಲೋ ತಂತಿ ಸಡಿಲ, ಇಲ್ಲವೇ ತಾನಾಗಿ ಕತ್ತರಿಸಿ ತಾನಾಗಿ ಜೋಡಿಸುವ ಯಾವುದೋ ಸಾಧನ ಮಧ್ಯದಲ್ಲಿದೆ. ಹುಡುಗರು ಇನ್ನೊಂದು ವಿಷಯ ಹೇಳಿದರು. ಹೋದ ಕರೆಂಟು ಬರಲು ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುತ್ತದೆ, ಮೂರು ನಿಮಿಷ. ಸಡಿಲ ತಂತಿಗೆ ಗಡಿಯಾರ ಗೊತ್ತಿರುವುದಿಲ್ಲ. ಮೂರು ನಿಮಿಷ ಎಂದರೆ ಟೈಮರ್.

ದೋಣಿಯ ಬೋರ್ಡಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಸುಮ್ನೆ ತಂತಿ ಹಿಡಿದುಕೊಂಡು ಹೋದೆ. ದೋಣಿಯ ಹೊರಮೈಯಲ್ಲಿ ನೀಲಿ ಬಣ್ಣದ 16 ಆಂಪಿಯರ್ ಇನ್‌ಲೆಟ್ (ಜೆಟ್ಟಿಯ ಕೇಬಲಿನ ತುದಿ ಸಿಕ್ಕಿಸುವ ಜಾಗ), ಅಲ್ಲಿಂದ ಒಳಗೆ ಹೋದ ತಂತಿ ನೇರ ಬೋರ್ಡಿಗೆ ಬರಬೇಕಿತ್ತು. ಬರುವ ದಾರಿಯಲ್ಲಿ ಅಡುಗೆಮನೆಯ ಫ್ರಿಜ್ ಹಿಂದಿನ ಪ್ಲೈವುಡ್ ಹಲಗೆಯೊಳಗೆ ಮಾಯವಾಗಿ ಆಚೆ ಬದಿಯಲ್ಲಿ ಮತ್ತೆ ಹೊರಗೆ ಬರುತ್ತಿತ್ತು. ಹಲಗೆ ಬಿಚ್ಚಿದರೆ ಒಳಗೆ ಒಂದು ವೋಲ್ಟೇಜ್ ಪ್ರೊಟೆಕ್ಟರ್. 180 ವೋಲ್ಟಿಗಿಂತ ಕೆಳಗೆ ಹೋದರೆ ಕತ್ತರಿಸು, ಸರಿಯಾದ ವೋಲ್ಟೇಜ್ ಬಂದ ಮೇಲೆ 180 ಸೆಕೆಂಡ್ ಕಾದು ಜೋಡಿಸು, ಹೀಗೆ ಸೆಟ್ ಮಾಡಿ ಇಟ್ಟಿದ್ದರು. ದೋಣಿ ಕಟ್ಟಿದವರು ಎಸಿ ಕಂಪ್ರೆಸರ್ ಉಳಿಯಲಿ ಎಂದು ಹಾಕಿದ್ದು. ಒಳ್ಳೆಯ ಕೆಲಸವೇ. ಆದರೆ ಅದರ ಕೆಂಪು ದೀಪ ಯಾರಿಗೂ ಕಾಣದ ಹಾಗೆ ಹಲಗೆಯ ಹಿಂದೆ ಇಟ್ಟದ್ದು ಮಾತ್ರ ದಡ್ಡತನ.

ಅಂದರೆ ಕರೆಂಟು "ಹೋಗುತ್ತಿರಲಿಲ್ಲ". ವೋಲ್ಟೇಜ್ ಕಡಿಮೆಯಾಗಿ ಪ್ರೊಟೆಕ್ಟರ್ ಕತ್ತರಿಸುತ್ತಿತ್ತು. ಕತ್ತರಿಸಿದ ತಕ್ಷಣ ಲೋಡ್ ಇಲ್ಲ, ಅಂದರೆ ಕರೆಂಟು ಎಳೆಯುವವರಿಲ್ಲ, ವೋಲ್ಟೇಜ್ ಮೇಲೆ ಬರುತ್ತದೆ, ಮೂರು ನಿಮಿಷ ಕಾದು ಮತ್ತೆ ಜೋಡಿಸುತ್ತದೆ. ಎಸಿ, ಫ್ರಿಜ್, ಚಾರ್ಜರ್ ಒಂದೊಂದಾಗಿ ಎದ್ದು ಎಲ್ಲ ಸೇರಿದಾಗ ಮತ್ತೆ ಕೆಳಗೆ. ಇನ್ನು ಕೇಳಬೇಕಾದ್ದು ವೋಲ್ಟೇಜ್ ಯಾಕೆ ಇಳಿಯುತ್ತದೆ, ಅದೂ ಕೆಲವು ದಿನ ಮಾತ್ರ ಯಾಕೆ.

ಹಿಂದೆ ಬಂದವರೂ ವೋಲ್ಟೇಜ್ ನೋಡಿದ್ದರು. ಹಗಲು ಬಂದು, ಮಲ್ಟಿಮೀಟರ್ ಚುಚ್ಚಿ, 230 ಇದೆ, ಸರಿ ಇದೆ ಎಂದಿದ್ದರು. ನಾನೂ ಹಗಲು ಚುಚ್ಚಿದೆ. ಜೆಟ್ಟಿಯಲ್ಲಿ 231, ದೋಣಿಯಲ್ಲಿ 230. ಲೋಡ್ ಇಲ್ಲದೆ ಅಳೆದ ಈ ಅಂಕಿಗೆ ಕಾಸಿನ ಬೆಲೆಯಿಲ್ಲ. ಮೀಟರ್ ಎಳೆಯುವ ಕರೆಂಟು ಎಷ್ಟು ಕಡಿಮೆ ಎಂದರೆ, ತುಕ್ಕು ಹಿಡಿದು ಕೂದಲೆಳೆಯಷ್ಟು ತಾಗಿಕೊಂಡಿರುವ ಪಿನ್ ಮೂಲಕವೂ ಪೂರ್ತಿ 230 ತೋರಿಸುತ್ತದೆ. ಹತ್ತು-ಹದಿನೈದು ಆಂಪಿಯರ್ ಹರಿಯುವಾಗ ಮಾತ್ರ ಆ ಪಿನ್ನಿನ ನಿಜ ಬಣ್ಣ ಗೊತ್ತಾಗುವುದು.

ನನ್ನ ಹತ್ತಿರ ಮದುವೆ ಚಪ್ಪರಕ್ಕೆ ಹಾಕುವಂಥ 1000 ವ್ಯಾಟಿನ ಹ್ಯಾಲೋಜನ್ ದೀಪ ಎರಡು ಇವೆ. ಲೋಡ್ ಟೆಸ್ಟಿಗೆ ಇದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಕರೆಂಟೂ ಎಳೆಯುತ್ತದೆ, ವೋಲ್ಟೇಜ್ ಅಲ್ಲಾಡಿದರೆ ಕಣ್ಣಿಗೂ ಕಾಣುತ್ತದೆ. ಎರಡನ್ನೂ ಉರಿಸಿದಾಗ ಜೆಟ್ಟಿಯಲ್ಲಿ 227, ದೋಣಿಯಲ್ಲಿ 218. ಒಂಬತ್ತು ವೋಲ್ಟ್ ನಷ್ಟ. ಕೇಬಲ್ 40 ಮೀಟರ್ ಉದ್ದ, 1.5 ಸ್ಕ್ವೇರ್ ಎಂಎಂ ತಂತಿ. ಆ ದಪ್ಪದ ಮೆತ್ತನೆ ತಾಮ್ರದ ತಂತಿಗೆ ಕಿಲೋಮೀಟರಿಗೆ 13 ಓಮ್ ಚಿಲ್ಲರೆ. ಹೋಗಿ ಬರುವ 80 ಮೀಟರಿಗೆ ಒಂದು ಓಮ್‌ಗಿಂತ ತುಸು ಜಾಸ್ತಿ. ಎಂಟು ಆಂಪಿಯರಿಗೆ ಎಂಟೊಂಬತ್ತು ವೋಲ್ಟ್ ಹೋಗಲೇಬೇಕು. ಲೆಕ್ಕ ಸರಿಯಾಯಿತು. ಕೇಬಲ್ ಸಣ್ಣದು, ಆದರೆ ಇಷ್ಟರಿಂದಲೇ 180ಕ್ಕೆ ಇಳಿಯುವುದಿಲ್ಲ.

ಆಗ ದೋಣಿಯ ಅಡುಗೆಯವರು ಒಂದು ಮಾತು ಹೇಳಿದರು. ಇದು ಅಮಾವಾಸ್ಯೆ, ಹುಣ್ಣಿಮೆ ಕಳೆದ ಮೇಲೆ ಆಗುವಂಥದ್ದು, ಒಂದು ತೆಂಗಿನಕಾಯಿ ಒಡೆಸಿ ಎಂದು ತಾನು ಮೊದಲೇ ಹೇಳಿದ್ದೆ, ಯಾರೂ ಕೇಳಲಿಲ್ಲ ಎಂದು. ಹುಡುಗರು ನಕ್ಕರು. ನಾನು ಅತಿಥಿಗಳು ದೂರು ಬರೆಯುವ ಪುಸ್ತಕ ತರಿಸಿ, ಎಸಿ ನಿಂತ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಇಟ್ಟು ನೋಡಿದೆ. ಅವರು ಹೇಳಿದ್ದು ನಿಜ! ದೂರುಗಳೆಲ್ಲ ಅಮಾವಾಸ್ಯೆಯೋ ಹುಣ್ಣಿಮೆಯೋ ಆಗಿ ಒಂದು ದಿನದಿಂದ ನಾಲ್ಕು ದಿನದ ಒಳಗೆ. ನಡುವಿನ ದಿನಗಳು ಖಾಲಿ. ಇಷ್ಟು ಜನ ಬಂದು ಹೋದರಲ್ಲ, ಅವರಲ್ಲಿ ಸರಿಯಾಗಿ ಗಮನಿಸಿದ್ದು ಈ ಒಬ್ಬರೇ.

ಕರಾವಳಿಯವರಿಗೆ ಇಲ್ಲಿಂದ ಮುಂದೆ ಬಿಡಿಸಿ ಹೇಳಬೇಕಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಸಮುದ್ರದ ಉಬ್ಬರವೂ ಜೋರು, ಇಳಿತವೂ ಜೋರು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಜೆಟ್ಟಿಯಲ್ಲಿ ಆ ದಿನಗಳ ಇಳಿತ ಬೀಳುವುದು ರಾತ್ರಿ ಏಳರಿಂದ ಹತ್ತರ ನಡುವೆ, ಅಂದರೆ ಅತಿಥಿಗಳು ಊಟ ಮುಗಿಸಿ ಎರಡೂ ಎಸಿ ಹಾಕುವ ಹೊತ್ತಿಗೆ. ಒಂದು ವಾರ ಕಳೆದರೆ ಅದೇ ಹೊತ್ತಿಗೆ ಉಬ್ಬರ. ಬೆಳಿಗ್ಗೆಯೂ ಇಳಿತ ಬರುತ್ತದೆ ನಿಜ, ಆಗ ಎಸಿ ಓಡುವುದಿಲ್ಲ, ಗೀಸರ್ ಒಂದೇ, ಲೈನಿನ ವೋಲ್ಟೇಜೂ ಚೆನ್ನಾಗಿರುತ್ತದೆ.

ನೀರು ಇಳಿದರೆ ದೋಣಿ ಇಳಿಯುತ್ತದೆ. ಕಾಂಕ್ರೀಟ್ ಜೆಟ್ಟಿ ಇಳಿಯುವುದಿಲ್ಲ. ಎರಡರ ನಡುವೆ ಇರುವುದು ಈ ಕೇಬಲ್.

ಹೋಗಿ ನೋಡಿದೆ. ಕೇಬಲನ್ನು ಜೆಟ್ಟಿಯ ಕಂಬಿಗೆ ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಅಲ್ಲಿಂದ ದೋಣಿಗೆ ಬಿಟ್ಟ ಸಡಿಲ ಉಬ್ಬರದ ಹೊತ್ತಿಗೆ ಸರಿಯಾಗಿತ್ತು. ಎರಡು-ಮೂರು ಅಡಿ ನೀರು ಇಳಿದರೆ ಕೇಬಲ್ ಬಿಗಿಯಾಗಿ ಇನ್‌ಲೆಟ್ಟಿನ ಕನೆಕ್ಟರನ್ನು ಮೇಲಕ್ಕೆ ಓರೆಯಾಗಿ ಎಳೆಯಬೇಕು. ಕನೆಕ್ಟರನ್ನು ಹಿಡಿದಿಡುವ ಕೊಂಡಿ ಮುರಿದುಹೋಗಿ, ಅದರ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದರು. ಹ್ಯಾಲೋಜನ್ ಉರಿಸಿಟ್ಟು, ಪ್ಲಗ್ಗಿನ ಹತ್ತಿರ ಯಾರೂ ಕೈ ಹಾಕಬೇಡಿ ಎಂದು ಹೇಳಿ, ಕೇಬಲಿಗೆ ಒಣಗಿದ ಹಗ್ಗ ಸುತ್ತಿ ಜೆಟ್ಟಿಯ ಮೇಲಿನಿಂದ ಮೆಲ್ಲಗೆ ಎಳೆಯಲು ಒಬ್ಬ ಹುಡುಗನಿಗೆ ಹೇಳಿದೆ. ಅವನು ಎಳೆದಂತೆ ಬಿಳಿ ಬೆಳಕು ಹಳದಿಗೆ ತಿರುಗಿತು, ಒಮ್ಮೆ ನಡುಗಿತು. ಮೀಟರ್ 218ರಿಂದ 211ಕ್ಕೆ ಬಂತು. ಬಿಟ್ಟ, ಮತ್ತೆ 218. ಇನ್ನೊಮ್ಮೆ ಎಳೆ ಎಂದೆ. ಮತ್ತೆ 211. ಅಷ್ಟರಲ್ಲಿ ಅಡುಗೆಯವರೂ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದರು.

ಆದರೂ ಅಲ್ಲೇ ಬಿಚ್ಚಲಿಲ್ಲ. ಬಿಚ್ಚಿದರೆ ಸಾಕ್ಷಿ ಹೋಗುತ್ತದೆ. ಮುಂದಿನ ಅಮಾವಾಸ್ಯೆ ಕಳೆದು ಎರಡನೇ ದಿನ ರಾತ್ರಿ ಹೋದೆ. ಜೊತೆಗೆ ಉದ್ದದ ಒಂದು ಟೆಸ್ಟ್ ವಯರ್. ಅದನ್ನು ಜೆಟ್ಟಿಯ ಪೆಟ್ಟಿಗೆಯಿಂದ ದೋಣಿಯೊಳಗೆ ಎಳೆದುಕೊಂಡರೆ ಫೇಸಿನಲ್ಲಿ (ಕರೆಂಟು ಬರುವ ತಂತಿ) ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ, ನ್ಯೂಟ್ರಲಿನಲ್ಲಿ (ವಾಪಸ್ ಹೋಗುವ ತಂತಿ) ಎಷ್ಟು ಎಂದು ಬೇರೆ ಬೇರೆಯಾಗಿ ಅಳೆಯಬಹುದು. ಎರಡೂ ಒಂದೇ ಉದ್ದ, ಒಂದೇ ದಪ್ಪದ ತಂತಿ, ಒಂದೇ ಕರೆಂಟು. ಹಾಗಾಗಿ ನಷ್ಟವೂ ಸಮ ಇರಬೇಕು. ಇಲ್ಲದಿದ್ದರೆ ಜಾಸ್ತಿ ಇರುವ ಬದಿಯಲ್ಲಿ ಕಳ್ಳ ಇದ್ದಾನೆ.

ಎರಡೂ ಎಸಿ, ಫ್ರಿಜ್, ಚಾರ್ಜರ್ ಸೇರಿ 14 ಆಂಪಿಯರ್. ಜೆಟ್ಟಿಯಲ್ಲೇ ವೋಲ್ಟೇಜ್ 207ಕ್ಕೆ ಇಳಿದಿತ್ತು. ಫೇಸಿನ ನಷ್ಟ 7.5 ವೋಲ್ಟ್. ನ್ಯೂಟ್ರಲಿನ ನಷ್ಟ 20.5. ಒಳಗೆ ಉಳಿದದ್ದು 179. ನೋಡುತ್ತಿದ್ದಂತೆ ಪ್ಲೈವುಡ್ ಹಿಂದಿನಿಂದ ಟಕ್ ಎಂದು ಸದ್ದು, ಎಸಿ ಎರಡೂ ಬಂದ್.

ನ್ಯೂಟ್ರಲಿನಲ್ಲಿ ಹೆಚ್ಚಾಗಿ ಹೋದ 13 ವೋಲ್ಟ್, 14 ಆಂಪಿಯರ್. ಗುಣಿಸಿದರೆ 182 ವ್ಯಾಟ್. ಸಣ್ಣ ಬೆಸುಗೆ ಕಡ್ಡಿ 25 ವ್ಯಾಟಿನದ್ದು, ಅಂಥ ಏಳು ಕಡ್ಡಿಗಳ ಬಿಸಿ ಒಂದೇ ಪಿನ್ನಿನ ಮೇಲೆ, ಮರದ ದೋಣಿಯ ಗೋಡೆಗೆ ತಾಗಿಕೊಂಡು. ಪ್ರೊಟೆಕ್ಟರ್ ಆಗಾಗ ಕತ್ತರಿಸುತ್ತಿದ್ದದ್ದರಿಂದ ಅದು ತಣ್ಣಗಾಗಲು ಸಮಯ ಸಿಗುತ್ತಿತ್ತು. ಎಸಿ ನಿಲ್ಲುತ್ತದೆ ಎಂದು ಎಲ್ಲರೂ ಬೈಯುತ್ತಿದ್ದ ಆ ಡಬ್ಬಿಯೇ ದೋಣಿಗೆ ಬೆಂಕಿ ಬೀಳದ ಹಾಗೆ ನೋಡಿಕೊಂಡಿತ್ತು. ಇದನ್ನು ಹೇಳಲು ಇನ್ನೊಂದು ಕಾರಣ ಇದೆ. ಪ್ರೊಟೆಕ್ಟರ್ ಇರುವ ವಿಷಯ ಗೊತ್ತಾದ ದಿನವೇ ಒಬ್ಬರು ಮಾಲೀಕರಿಗೆ ಕೊಟ್ಟ ಸಲಹೆ ಏನು ಗೊತ್ತಾ? "ಅದನ್ನು 150ಕ್ಕೆ ಇಳಿಸಿ, ಇಲ್ಲ ಬೈಪಾಸ್ ಮಾಡಿ." ಮಾಡಿದ್ದರೆ ಎಸಿ ನಿಲ್ಲುತ್ತಿರಲಿಲ್ಲ, ನಿಜ.

ಜೆಟ್ಟಿಯ ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಸತ್ತಿದೆಯಾ ಎಂದು ಪರೀಕ್ಷಿಸಿ, ಆಮೇಲೆ ಕನೆಕ್ಟರ್ ಬಿಚ್ಚಿದೆ. ನ್ಯೂಟ್ರಲ್ ಪಿನ್ ಸುತ್ತ ನೀಲಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಪಿನ್ನಿನ ಒಂದು ಬದಿ ಹೊಳೆಯುತ್ತಿತ್ತು, ಇನ್ನೊಂದು ಬದಿ ಹಸಿರು ಕಿಲುಬು. ಓರೆಯಾಗಿ ಎಳೆದಾಗ ಕಿಲುಬಿನ ಬದಿ ಮಾತ್ರ ತಾಗುತ್ತಿತ್ತು. ಉಪ್ಪುಗಾಳಿಯ ಜಾಗದಲ್ಲಿ ಇದೇನು ಅಪರೂಪವಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಕೇಬಲಿನ ಜೆಟ್ಟಿ ಬದಿಯ ಪ್ಲಗ್ ಬಿಚ್ಚಿದರೆ, ಹಸಿರು ತಂತಿಯನ್ನು, ಅಂದರೆ ಅರ್ಥ್ ತಂತಿಯನ್ನು, ಕತ್ತರಿಸಿ ಹಿಂದಕ್ಕೆ ಮಡಚಿ ಟೇಪ್ ಸುತ್ತಿಟ್ಟಿದ್ದರು. ಬಿಟ್ಟುಹೋದದ್ದಲ್ಲ, ಬೇಕೆಂದೇ ಮಾಡಿದ್ದು. ದೋಣಿಗೆ ಅರ್ಥಿಂಗ್ ಇರಲೇ ಇಲ್ಲ.

ಯಾಕೆ ಹೀಗೆ ಮಾಡಿರಬಹುದು ಎನ್ನುವುದು ಹೊಸ ಕೇಬಲ್ ಹಾಕಿದ ದಿನ ಗೊತ್ತಾಯಿತು. 4 ಸ್ಕ್ವೇರ್ ಎಂಎಂ ಮೂರು ಕೋರ್ ಕೇಬಲ್ ತಂದೆವು. 16 ಆಂಪಿಯರಿನ ಪ್ಲಗ್ಗಿನಲ್ಲಿ ಆ ದಪ್ಪದ ಮೆತ್ತನೆ ತಂತಿ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಎರಡೂ ತುದಿಗೆ 32ರ ಪ್ಲಗ್, ಸಾಕೆಟ್ ಹಾಕಿ, ಜೆಟ್ಟಿಯ ಎಂಸಿಬಿಯನ್ನು 16ರಲ್ಲೇ ಬಿಟ್ಟೆ. ಅರ್ಥ್ ಸೇರಿಸಿ ಕರೆಂಟು ಕೊಟ್ಟೆವು. ಸಂಜೆವರೆಗೂ ಸರಿ. ಬೆಳಿಗ್ಗೆ ಗೀಸರ್ ಹಾಕಿದ ತಕ್ಷಣ ಆರ್‌ಸಿಸಿಬಿ ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಮಾಲೀಕರ ಮುಖ ನೋಡಬೇಕಿತ್ತು. ಮೊದಲು ಎಸಿ ಮಾತ್ರ ನಿಲ್ಲುತ್ತಿತ್ತು, ಈಗ ಇಡೀ ದೋಣಿಯೇ ನಿಂತಿತಲ್ಲ ಎಂದರು.

ಸೋರಿಕೆ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ನೋಡಿದರೆ ಗೀಸರ್ ಒಂದರಿಂದಲೇ 19 ಮಿಲಿಆಂಪಿಯರ್. ಉಳಿದ ಎಲ್ಲ ಸೇರಿ 6. ಈ ಆರು ದೋಷವಲ್ಲ, ಚಾರ್ಜರ್, ಎಸಿ ಬೋರ್ಡ್, ಟಿವಿ ಎಲ್ಲದರ ಒಳಗೂ ಇರುವ ಫಿಲ್ಟರ್ ಕೆಪ್ಯಾಸಿಟರುಗಳು ಅರ್ಥಿಗೆ ಸ್ವಲ್ಪ ಸ್ವಲ್ಪ ಬಿಡುತ್ತವೆ. ಒಟ್ಟು 25. ಆರ್‌ಸಿಸಿಬಿ ಮೇಲೆ 30 ಎಂದು ಬರೆದಿದ್ದರೂ ಅದು 15ರಿಂದ 30ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಹಾಗೆಯೇ ಅದನ್ನು ಮಾಡಿರುವುದು. ಗೀಸರಿನ ಹೀಟಿಂಗ್ ಎಲಿಮೆಂಟ್ ಬಿರುಕು ಬಿಟ್ಟಿತ್ತು. ಹಿಂದೆ ಯಾವಾಗಲೋ ಇದೇ ರೀತಿ ಬೀಳುತ್ತಿದ್ದಾಗ, ಯಾರೋ ಪುಣ್ಯಾತ್ಮರು ಎಲಿಮೆಂಟ್ ಬದಲಿಸುವ ಬದಲು ಅರ್ಥ್ ಕತ್ತರಿಸಿ "ಸರಿ" ಮಾಡಿಕೊಟ್ಟಿದ್ದಾರೆ.

ಇದರ ಅಪಾಯ ಸ್ವಲ್ಪ ಬಿಡಿಸಿ ಹೇಳಬೇಕು. ಹೆಬ್ಬಲಸಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಮರದ ದೋಣಿ ಇದು. ಸೋರುವ ಕರೆಂಟಿಗೆ ಹೋಗಲು ಸುಲಭದ ದಾರಿ ಇಲ್ಲ. ಅರ್ಥ್ ತಂತಿ ಇದ್ದರೆ ಅದರ ಮೂಲಕ ಹೋಗಿ ಆರ್‌ಸಿಸಿಬಿಯನ್ನು ಬೀಳಿಸುತ್ತದೆ. ಇಲ್ಲದಿದ್ದರೆ ಗೀಸರಿನ ಮೈಯಲ್ಲಿ, ನಲ್ಲಿಯಲ್ಲಿ, ಶವರಿನಲ್ಲಿ ಸುಮ್ನೆ ಕಾಯುತ್ತದೆ. ಒಂದು ಕೈ ನಲ್ಲಿಯಲ್ಲಿ, ಇನ್ನೊಂದು ಕೈ ಹೊರಗೆ ಚಾಚಿ ಜೆಟ್ಟಿಯ ಕಬ್ಬಿಣದ ಕಂಬಿಯನ್ನೋ ನೀರನ್ನೋ ಮುಟ್ಟಿದವರೇ ಆಗ ಅರ್ಥ್. ಬಾತ್‌ರೂಮಿನಲ್ಲಿ ಕೆಲವು ಸಲ ಜುಮ್ ಎನ್ನುತ್ತಿತ್ತು ಎಂದು ಹುಡುಗರು ಆಮೇಲೆ ಹೇಳಿದರು, ಮೊದಲೇ ಹೇಳಬೇಕು ಅನ್ನಿಸಿರಲಿಲ್ಲವಂತೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಬೀಳುತ್ತಿತ್ತಲ್ಲ ಎಂದು ಮಾಲೀಕರು ಕೇಳಿದರು. ಬೀಳುತ್ತದೆ. ಆ ಬಟನ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ ಪರೀಕ್ಷೆ ಮಾಡುತ್ತದೆ, ಹೊರಗಿನ ಅರ್ಥ್ ತಂತಿ ಇದೆಯೋ ಇಲ್ಲವೋ ಅದಕ್ಕೆ ಗೊತ್ತೇ ಆಗುವುದಿಲ್ಲ.

ದೋಣಿಯಿಂದ ನೀರಿಗೇ ಕರೆಂಟು ಸೋರಿದರೆ ಇನ್ನೂ ಕಷ್ಟ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈಜುವವರಿಗೆ ಅಪಾಯ ಜಾಸ್ತಿ, ಯಾಕೆಂದರೆ ಉಪ್ಪುನೀರು ನಮ್ಮ ಮೈಗಿಂತ ಚೆನ್ನಾಗಿ ಕರೆಂಟು ಹರಿಸುತ್ತದೆ, ಸಿಹಿನೀರಿನಲ್ಲಿ ಮೈಯೇ ಸುಲಭದ ದಾರಿ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಇಲ್ಲಿನ ನೀರಿನ ಉಪ್ಪು ಕಡಿಮೆಯಾಗುತ್ತದೆ. ಜೆಟ್ಟಿಯ ಸುತ್ತ ಮಕ್ಕಳು ಈಜಲು ಇಳಿಯುವುದನ್ನು ನಾನೇ ನೋಡಿದ್ದೇನೆ. ದೋಣಿಗಳು ಕರೆಂಟಿಗೆ ಜೋಡಿಸಿರುವ ಜೆಟ್ಟಿಯಲ್ಲಿ ನೀರಿಗೆ ಇಳಿಯಲು ಬಿಡಬಾರದು, ಅಷ್ಟೇ.

ಗೀಸರಿಗೆ ಹೊಸ ಎಲಿಮೆಂಟ್ ಹಾಕಿದ ಮೇಲೆ ಒಟ್ಟು ಸೋರಿಕೆ 6ರಲ್ಲೇ ನಿಂತಿತು. ಪ್ರೊಟೆಕ್ಟರನ್ನು ಹಲಗೆಯ ಹಿಂದಿನಿಂದ ತೆಗೆದು ಬೋರ್ಡಿನ ಪಕ್ಕ, ದೀಪ ಕಾಣುವ ಹಾಗೆ ಇಟ್ಟೆವು. ಕೇಬಲಿನ ಭಾರ ಪ್ಲಗ್ಗಿನ ಮೇಲೆ ಬೀಳದಂತೆ ದೋಣಿಯ ಬದಿಯಲ್ಲಿ ಒಂದು ಕೊಕ್ಕೆಗೆ ಕಟ್ಟಿ, ಇಳಿತದ ಹೊತ್ತಿಗೆ ಅಳೆದು ಸಡಿಲ ಬಿಟ್ಟೆ. ಹಾಗೆ ಬಿಟ್ಟರೆ ಉಬ್ಬರದಲ್ಲಿ ಕೇಬಲ್ ಜೋತು ನೀರಿಗೆ ಬೀಳುತ್ತದೆ, ಅದಕ್ಕೆ ನಡುವೆ ಒಂದು ಗಳು ನಿಲ್ಲಿಸಿ ಅದರಿಂದ ಇಳಿಬಿಟ್ಟಿದ್ದಾರೆ. ಪ್ಲಗ್ಗಿಗಿಂತ ಸ್ವಲ್ಪ ಕೆಳಗೆ ಕೇಬಲ್ ಒಂದು ಬಳಸು ತೆಗೆದುಕೊಂಡು ಮೇಲೆ ಬರುವಂತೆ ಮಾಡಿದ್ದೇವೆ, ಮಳೆನೀರು ಪ್ಲಗ್ಗಿನೊಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಎಂದು.

ಮುಂದಿನ ಹುಣ್ಣಿಮೆ ಕಳೆದ ಮೇಲೆ ಅದೇ ಹೊತ್ತಿಗೆ, ಅದೇ ಲೋಡಿನಲ್ಲಿ ಅಳೆದಾಗ ಜೆಟ್ಟಿಯಲ್ಲಿ 207, ದೋಣಿಯಲ್ಲಿ 201. ಫೇಸ್, ನ್ಯೂಟ್ರಲ್ ನಷ್ಟ ಎರಡೂ ಸಮ.

ಆ 207 ಮಾತ್ರ ಹಾಗೇ ಉಳಿದಿದೆ. ರಸ್ತೆ ಬದಿಯ ಮೀಟರಿನಲ್ಲಿ ಅದೇ ಹೊತ್ತಿಗೆ 221 ಇರುತ್ತದೆ. ಅಲ್ಲಿಂದ ಜೆಟ್ಟಿಯ ಪೆಟ್ಟಿಗೆವರೆಗೆ ತೆಂಗಿನ ಮರಗಳ ಸಾಲಿನಲ್ಲಿ ಎಳೆದಿರುವ ಹಳೇ ಅಲ್ಯೂಮಿನಿಯಂ ತಂತಿಯಲ್ಲಿ 14 ವೋಲ್ಟ್ ಹೋಗುತ್ತಿದೆ. ಎಲ್ಲ ದೋಣಿಗಳೂ ಎಸಿ ಹಾಕುವ ರಾತ್ರಿಗಳಲ್ಲಿ ಇನ್ನೂ ಜಾಸ್ತಿ ಹೋಗಬಹುದು. ಅದು ಜೆಟ್ಟಿಯವರ ತಂತಿ, ದೋಣಿಯವರದ್ದಲ್ಲ. ಯಾರು ದುಡ್ಡು ಹಾಕಬೇಕು ಎಂದು ಮಾತುಕತೆ ನಡೆಯುತ್ತಿದೆ. ಅಷ್ಟರಲ್ಲಿ ಪಕ್ಕದ ದೋಣಿಯವರು ತಮ್ಮ ಪ್ಲಗ್ಗೂ ಒಮ್ಮೆ ಬಿಚ್ಚಿ ನೋಡಿ ಎಂದರು. ಅದರಲ್ಲೂ ಹಸಿರು ತಂತಿ ಇರಲಿಲ್ಲ.